ಮೊದಲ ವಾಕ್ಯಗಳ ಚರಿತ್ರೆ: ಜರ್ಮನ್ ಕಲಿಯಬಂದ ಹೊಸಬರು ಮತ್ತು ಅವರ ಮಾತಿನ ಕೈಪಿಡಿಗಳು

ಸಾರಾಂಶ

ಪರಭಾಷೆಯ ನಾಡಿಗೆ ಹೊಸದಾಗಿ ಬಂದವರು ಮೊದಲು ಕಲಿಯುವ ವಾಕ್ಯಗಳಿಗೂ ಒಂದು ಚರಿತ್ರೆಯಿದೆ. ಜರ್ಮನ್ ಭಾಷೆಯ ಮಟ್ಟಿಗೆ ಅದು 9ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಕಾಸೆಲ್ ಮತ್ತು ಪ್ಯಾರಿಸ್ ಹಸ್ತಪ್ರತಿಗಳ ಸಂಭಾಷಣೆಗಳು, ವೆನಿಸ್ಸಿನ ವರ್ತಕರ ಭಾಷಾಪುಸ್ತಕ, ಪ್ರವಾಸಿಗರ ಮುದ್ರಿತ ಕೈಪಿಡಿಗಳು, 1955ರ ನಂತರದ ಅತಿಥಿ ಕಾರ್ಮಿಕರ ಜರ್ಮನ್ ಮತ್ತು ಇಂದಿನ ಎ1 ಪರೀಕ್ಷೆ ಇವುಗಳನ್ನು ಒಂದೇ ಪರಂಪರೆಯಾಗಿ ಈ ಲೇಖನ ಓದುತ್ತದೆ. ಹೊಸಬನ ಕೈಯ ಸಾಧನವಾಗಿದ್ದ ಮೊದಲ ವಾಕ್ಯಗಳು ಕ್ರಮೇಣ ಆತನ ಪ್ರವೇಶಕ್ಕೆ ಒಡ್ಡಿದ ಷರತ್ತಾಗಿ ಮಾರ್ಪಟ್ಟವು ಎಂಬುದು ಇಲ್ಲಿನ ಮುಖ್ಯ ವಾದ. ಕನ್ನಡಿಗರು ಇಂಗ್ಲಿಷಿನ ಮೂಲಕ ಜರ್ಮನ್ ಕಲಿಯುವಾಗ ತಮ್ಮ ಭಾಷೆಯೇ ಒದಗಿಸಬಲ್ಲ ನೆರವನ್ನು ಹೇಗೆ ಕಳೆದುಕೊಳ್ಳುತ್ತಾರೆ ಎಂಬುದನ್ನು ಕೊನೆಯ ಭಾಗ ಚರ್ಚಿಸುತ್ತದೆ.

ಕೀಲಿಪದಗಳು: ಮಾತಿನ ಕೈಪಿಡಿ, ಪ್ರಾಚೀನ ಉನ್ನತ ಜರ್ಮನ್, ಸಂಬೋಧನೆ, ಅತಿಥಿ ಕಾರ್ಮಿಕರ ಜರ್ಮನ್, ಚತುರ್ಥೀ ವಿಭಕ್ತಿ, ಕನ್ನಡ

1. ಪ್ರವೇಶ

ಭಾಷೆಯ ಚರಿತ್ರೆಯನ್ನು ಬರೆಯುವವರು ಶಾಸನ, ಕಾವ್ಯ, ಧರ್ಮಗ್ರಂಥ ಮತ್ತು ಕಾನೂನುಪಾಠಗಳನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ. ಇವೆಲ್ಲವೂ ಆ ಭಾಷೆಯನ್ನು ಚೆನ್ನಾಗಿ ಬಲ್ಲವರು ಬರೆದವು. ಭಾಷೆಯನ್ನು ಅರೆಬರೆಯಾಗಿ ಬಲ್ಲವರೂ, ಏನೂ ಬಾರದವರೂ ತಮ್ಮ ಅಗತ್ಯಕ್ಕಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲೇ ಉಳಿಯುತ್ತವೆ. ಊರು ಯಾವುದು, ಊಟ ಎಲ್ಲಿ ಸಿಗುತ್ತದೆ, ಇದರ ಬೆಲೆ ಎಷ್ಟು, ನೀವು ಹೇಳಿದ್ದು ನನಗೆ ತಿಳಿಯಲಿಲ್ಲ ಎಂಬಂಥ ಮಾತುಗಳಲ್ಲಿ ಅಧ್ಯಯನಕ್ಕೆ ತಕ್ಕದ್ದೇನಿದೆ ಎಂಬ ಭಾವನೆ ಇದರ ಹಿಂದಿದೆ.

ಆದರೆ ಇಂಥ ವಾಕ್ಯಗಳು ಎರಡು ಕಾರಣಗಳಿಗಾಗಿ ಬೆಲೆಯುಳ್ಳವು. ಮೊದಲನೆಯದಾಗಿ, ಸಾಹಿತ್ಯಕ ಪಾಠಗಳಲ್ಲಿ ದೊರೆಯದ ಆಡುಮಾತಿನ ರೂಪಗಳು ಇವುಗಳಲ್ಲಿ ಉಳಿದುಕೊಳ್ಳುತ್ತವೆ. ಎರಡನೆಯದಾಗಿ, ಹೊಸಬನು ಯಾರು, ಆತ ಯಾರೊಡನೆ ಮಾತನಾಡಬೇಕು, ಯಾವ ಕೆಲಸಕ್ಕಾಗಿ ಮಾತನಾಡಬೇಕು ಎಂಬ ಕುರಿತು ಒಂದು ಕಾಲದ ಸಮಾಜ ಹೊಂದಿದ್ದ ಕಲ್ಪನೆಯನ್ನು ಇವು ನೇರವಾಗಿ ತೋರಿಸುತ್ತವೆ. ಪ್ರತಿಯೊಂದು ಕೈಪಿಡಿಯೂ ಒಬ್ಬ ಮಾತುಗಾರನನ್ನು ಮತ್ತು ಒಬ್ಬ ಕೇಳುಗನನ್ನು ಸೃಷ್ಟಿಸುತ್ತದೆ. ಆದ್ದರಿಂದ ಮುಂದೆ ಪರಿಶೀಲಿಸುವ ಪ್ರತಿಯೊಂದು ಆಕರಕ್ಕೂ ಮೂರು ಪ್ರಶ್ನೆಗಳನ್ನು ಕೇಳಲಾಗಿದೆ. ಇದನ್ನು ಬರೆದವರು ಯಾರು? ಇದರಲ್ಲಿ ಪ್ರಶ್ನೆ ಕೇಳುವವರು ಯಾರು? ಉತ್ತರ ಹೇಳುವ ಅವಕಾಶ ಯಾರಿಗಿದೆ?

2. ಎರಡು ಹಸ್ತಪ್ರತಿಗಳು

ಜರ್ಮನ್ ಭಾಷೆಯ ಅತ್ಯಂತ ಹಳೆಯ ಮಾತಿನ ಕೈಪಿಡಿಗಳು ಪ್ರಾಚೀನ ಉನ್ನತ ಜರ್ಮನ್ ಕಾಲಕ್ಕೆ ಸೇರಿವೆ. ಇವುಗಳಲ್ಲಿ ಎರಡು ಮುಖ್ಯವಾದವು. 9ನೇ ಶತಮಾನದ ಆದಿಭಾಗದ 'ಕಾಸೆಲ್ ಪದಪಟ್ಟಿ' ಬವೇರಿಯಾ ಪ್ರದೇಶದ ಭಾಷಾಲಕ್ಷಣಗಳನ್ನು ಹೊಂದಿದ್ದು, ಇಂದು ಕಾಸೆಲ್ ನಗರದಲ್ಲಿದೆ. 'ಪ್ಯಾರಿಸ್ ಸಂಭಾಷಣೆಗಳು' ಅಥವಾ 'ಪ್ರಾಚೀನ ಜರ್ಮನ್ ಸಂಭಾಷಣೆಗಳು' ಎಂದು ಕರೆಯಲಾಗುವ ಮತ್ತೊಂದು ಪಾಠವನ್ನು ಲ್ಯಾಟಿನ್ ನಿಘಂಟೊಂದರ ಹಸ್ತಪ್ರತಿಯ ಅಂಚುಗಳಲ್ಲಿ ಬರೆಯಲಾಗಿದೆ. ಇವೆರಡನ್ನೂ 19ನೇ ಶತಮಾನದ ನಡುಗಾಲದಲ್ಲಿ ವಿದ್ವಾಂಸರ ಗಮನಕ್ಕೆ ತಂದವರಲ್ಲಿ ವಿಲ್‌ಹೆಲ್ಮ್ ಗ್ರಿಮ್ ಪ್ರಮುಖರು.

ಈ ಪಾಠಗಳ ಹಿನ್ನೆಲೆಯಲ್ಲಿ ಕ್ಯಾರೊಲಿಂಜಿಯನ್ ಸಾಮ್ರಾಜ್ಯದ ದ್ವಿಭಾಷಿಕ ಪರಿಸರವಿದೆ. ಪಶ್ಚಿಮದ ರೊಮಾನ್ಸ್ ಮಾತಿನ ನಾಡಿನಿಂದ ಪೂರ್ವದ ಜರ್ಮನ್ ಮಾತಿನ ನಾಡಿಗೆ ಪಾದ್ರಿಗಳು, ದೂತರು ಮತ್ತು ಪರಿಚಾರಕರು ಓಡಾಡುತ್ತಿದ್ದರು. ಫೆರಿಯೇರ್ ಮಠದ ಅಧಿಪತಿ ಲೂಪಸ್ 844ರ ಸುಮಾರಿಗೆ ತನ್ನ ಸೋದರಳಿಯನೂ ಸೇರಿದಂತೆ ಕೆಲವು ತರುಣರನ್ನು ಜರ್ಮನ್ ಕಲಿಯಲೆಂದೇ ಪ್ರ್ಯೂಮ್ ಮಠಕ್ಕೆ ಕಳುಹಿಸಿದ ಸಂಗತಿ ಆತನ ಪತ್ರಗಳಿಂದ ತಿಳಿಯುತ್ತದೆ. ಜರ್ಮನ್ ಆಗ ವಿದ್ವತ್ತಿನ ಭಾಷೆಯಾಗಿರಲಿಲ್ಲ. ಆದರೂ ಅದನ್ನು ಬಲ್ಲವರಿಲ್ಲದೆ ಮಠದ ವ್ಯವಹಾರ ನಡೆಯುತ್ತಿರಲಿಲ್ಲ.

ಕಾಸೆಲ್ ಪಾಠ ವಿಷಯಾನುಸಾರ ಜೋಡಿಸಿದ ಪದಗಳಿಂದ ಕೂಡಿದೆ. ಮನುಷ್ಯ, ತಲೆ, ಕೂದಲು ಎಂದು ದೇಹದಿಂದ ಆರಂಭವಾಗಿ ಸಾಕುಪ್ರಾಣಿ, ಮನೆ, ಉಡುಪು, ಉಪಕರಣಗಳವರೆಗೆ ಸಾಗುತ್ತದೆ. ನಡುವೆ ಕ್ಷೌರಿಕನಿಗೆ ಹೇಳಬೇಕಾದ ಮಾತುಗಳು ಬರುತ್ತವೆ. ಕೊನೆಯ ಭಾಗ ಸಂಭಾಷಣೆಗೆ ಮೀಸಲು. ನೀನು ಯಾರು, ಎಲ್ಲಿಂದ ಬಂದೆ ಎಂಬ ಪ್ರಶ್ನೆಗಳ ಬಳಿಕ 'ತಿಳಿಯಿತೇ' ಎಂಬ ಪ್ರಶ್ನೆ, 'ಇಲ್ಲ' ಎಂಬ ಉತ್ತರ, 'ತಿಳಿಯಿತು' ಎಂಬ ಉತ್ತರ ಹೀಗೆ ಒಂದು ಸರಣಿಯಿದೆ. 'ಗ್ರಹಿಸುತ್ತೇನೆ' ಎಂಬರ್ಥದ 'ಫಿರ್ನಿಮು' ಎಂಬ ಕ್ರಿಯಾರೂಪ ಇಲ್ಲಿ ಹಲವು ಪುರುಷ-ವಚನಗಳಲ್ಲಿ ದೊರೆಯುತ್ತದೆ. ಇಂದಿನ ಯಾವ ಕೈಪಿಡಿಯ ಮೊದಲ ಪುಟದಲ್ಲಾದರೂ 'ಇಶ್ ಫೆರ್‌ಶ್ಟೇಹೆ ನಿಶ್ಟ್', ಅಂದರೆ 'ನನಗೆ ಅರ್ಥವಾಗುತ್ತಿಲ್ಲ' ಎಂಬ ವಾಕ್ಯ ಇದ್ದೇ ಇರುತ್ತದೆ. ಪದ ಬದಲಾಗಿದೆ, ಅಗತ್ಯ ಬದಲಾಗಿಲ್ಲ. ಅದೇ ಪಾಠದ ಕೊನೆಯಲ್ಲಿ ರೊಮಾನ್ಸ್ ಮಾತಿನವರು ದಡ್ಡರು, ಬವೇರಿಯಾದವರು ಜಾಣರು ಎಂಬ ಹೇಳಿಕೆಯೂ ಇದೆ. ಇದನ್ನು ಬರೆದ ಬವೇರಿಯನ್ ಲಿಪಿಕಾರನ ವಿನೋದ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಹೊಸಬನ ಅನುಕೂಲಕ್ಕಾಗಿ ಹೊರಟ ಪಾಠದಲ್ಲಿ ಹೊಸಬನೇ ಹಾಸ್ಯಕ್ಕೆ ಗುರಿಯಾಗುವುದು ಈ ಪರಂಪರೆಯಲ್ಲಿ ಮುಂದೆಯೂ ಕಾಣಸಿಗುವ ಲಕ್ಷಣ.

ಪ್ಯಾರಿಸ್ ಪಾಠದ ಸ್ವರೂಪ ಬೇರೆ. ಅದನ್ನು ಬರೆದವನು ರೊಮಾನ್ಸ್ ಮಾತಿನವನೆಂಬುದಕ್ಕೆ ಬರವಣಿಗೆಯೇ ಸಾಕ್ಷಿ. ಜರ್ಮನ್ 'ವ'ಕಾರವಿರುವೆಡೆ ಆತ 'ಗು' ಎಂಬ ರೊಮಾನ್ಸ್ ರೂಢಿಯನ್ನು ಅನುಸರಿಸಿ 'ವಾಂಬಾ' (ಹೊಟ್ಟೆ) ಎಂಬುದನ್ನು 'ಗುವಾನ್ಬೆ' ಎಂದು ಬರೆಯುತ್ತಾನೆ. ಪದಾದಿಯ 'ಹ'ಕಾರ ಆತನ ಕಿವಿಗೆ ಬೀಳುವುದಿಲ್ಲ. ಹಾಗಾಗಿ 'ಹಂಟ್' (ಕೈ) 'ಅನ್' ಆಗುತ್ತದೆ, 'ಹೆಲ್ಫ' (ಸಹಾಯಮಾಡು) 'ಎಲ್ಪೆ' ಆಗುತ್ತದೆ. ಹಾಲನ್ನು 'ಆಲು' ಎನ್ನುವ ನಮ್ಮ ಹಳೆಯ ಮೈಸೂರು ಭಾಗದ ಆಡುನುಡಿಗಳನ್ನು ಬಲ್ಲವರಿಗೆ ಇದು ಅಪರಿಚಿತ ಸಂಗತಿಯಲ್ಲ. ಒಂದೆಡೆ 'ನಾಲಗೆ' ಎಂಬ ಜರ್ಮನ್ ಪದದ ಎದುರು 'ಹಲ್ಲುಗಳು' ಎಂಬ ಲ್ಯಾಟಿನ್ ಅರ್ಥವಿದೆ. ಯಾರೋ ಬಾಯಿಯತ್ತ ಬೆರಳು ತೋರಿಸಿ ಪದ ಹೇಳಿಕೊಟ್ಟಾಗ ಸಂಭವಿಸಬಹುದಾದ ತಪ್ಪು ಇದು ಎಂದು ಊಹಿಸಬಹುದು. 'ಗುವಾಂತಿ' (ಕೈಗವಸು) ಎಂಬ ಪದ ಮಾತ್ರ ಎರಡೂ ಕಡೆ ಒಂದೇ ಆಗಿದೆ, ಏಕೆಂದರೆ ಅದು ಜರ್ಮಾನಿಕ್ ಮೂಲದಿಂದ ರೊಮಾನ್ಸ್ ಭಾಷೆಗಳಿಗೆ ಆಗಲೇ ಹೋಗಿ ನೆಲೆಸಿತ್ತು.

ಸಂಭಾಷಣೆಗಳ ವಸ್ತು ಪ್ರಯಾಣಿಕನ ದಿನಚರಿ. ಯಾವ ನಾಡಿನಿಂದ ಬಂದಿರಿ, ರಾತ್ರಿ ಎಲ್ಲಿ ತಂಗಿದ್ದಿರಿ, ನಿಮ್ಮ ಒಡೆಯನೆಲ್ಲಿ ಎಂಬ ವಿಚಾರಣೆ, ಕುದುರೆ, ಗುರಾಣಿ, ಈಟಿ, ಕತ್ತಿಗಳನ್ನು ತಂದುಕೊಡುವಂತೆ ಅಪ್ಪಣೆ, ಬೆಳಗಿನ ಪ್ರಾರ್ಥನೆಗೆ ಬಾರದವನನ್ನು ಕುರಿತ ಚುಡಾಯಿಕೆ, ಜತೆಗೆ ಇಲ್ಲಿ ಅನುವಾದಿಸಲಾಗದಷ್ಟು ಒರಟಾದ ಒಂದು ಬೈಗುಳ. ಭಾಷಾವಿಜ್ಞಾನದ ದೃಷ್ಟಿಯಿಂದ ಇಲ್ಲಿ ಗಮನಾರ್ಹವಾದುದು ಸಂಬೋಧನೆ. ಲ್ಯಾಟಿನ್ ಅನುವಾದದಲ್ಲಿ ಮಧ್ಯಮಪುರುಷ ಏಕವಚನವಿರುವಾಗಲೂ ಜರ್ಮನ್ ವಾಕ್ಯದಲ್ಲಿ 'ಗೆರ್' ಎಂದು ಬರೆಯಲಾದ ಬಹುವಚನ ಸರ್ವನಾಮ ಮತ್ತೆ ಮತ್ತೆ ಬರುತ್ತದೆ. ಇದು 'ನೀವು' ಎಂಬರ್ಥದ 'ಇರ್'. ಬೈಗುಳದಲ್ಲಿ 'ನಿನ್ನ' ಎಂಬ ಏಕವಚನವಿದೆ. ಅದೇ ಶತಮಾನದ ಕವಿ ಓಟ್‌ಫ್ರಿಡ್ ಬಿಷಪ್ ಸಾಲೊಮೊನನ್ನು ಬಹುವಚನದಲ್ಲಿ ಸಂಬೋಧಿಸಿದ್ದಾನೆ. ಅದು ಗೌರವದ ಬಳಕೆ. ಆದರೆ ಪ್ಯಾರಿಸ್ ಪಾಠದಲ್ಲಿ ಸಮಾನರ ನಡುವಿನ ಚುಡಾಯಿಕೆಯಲ್ಲೂ ಬಹುವಚನವೇ ಇರುವುದರಿಂದ ಎಲ್ಲವನ್ನೂ ಗೌರವವೆಂದು ವಿವರಿಸಲಾಗದು. ಪರದೇಶದಲ್ಲಿ ಮಾತು ಕಲಿಯುವವನು ಅಪಾಯವಿಲ್ಲದ ಒಂದು ರೂಪವನ್ನು ಹಿಡಿದು ಎಲ್ಲೆಡೆಯೂ ಅದನ್ನೇ ಬಳಸುತ್ತಾನೆ ಎಂಬುದು ನನಗೆ ಹೆಚ್ಚು ಸಂಭವನೀಯವಾಗಿ ತೋರುತ್ತದೆ.

ಮೂರು ಪ್ರಶ್ನೆಗಳ ದೃಷ್ಟಿಯಿಂದ ಪ್ಯಾರಿಸ್ ಪಾಠಕ್ಕೆ ವಿಶೇಷ ಸ್ಥಾನವಿದೆ. ಅದನ್ನು ಕಲಿಯುವವನೇ ಬರೆದಿದ್ದಾನೆ. ಪ್ರಶ್ನೆ, ಉತ್ತರ, ಅಪ್ಪಣೆ, ಬೈಗುಳ ಎಲ್ಲವೂ ಆತನ ಬಾಯಿಗೆ ಒದಗಿವೆ.

3. ರಿಯಾಲ್ಟೊ ಸೇತುವೆಯ ಬಳಿ

ಮುಂದಿನ ಮಹತ್ವದ ಆಕರ 1424ರ ಕಾಲದ ಇಟಾಲಿಯನ್-ಜರ್ಮನ್ ಭಾಷಾಪುಸ್ತಕ. ಇದರ ಹುಟ್ಟು ವೆನಿಸ್ಸಿನಲ್ಲಿ. ಅಲ್ಲಿನ ರಿಯಾಲ್ಟೊ ಸೇತುವೆಯ ಪಕ್ಕದಲ್ಲಿ 13ನೇ ಶತಮಾನದಿಂದಲೂ 'ಫೊಂಡಾಕೊ ದೇಯಿ ತೆದೆಸ್ಕಿ', ಅಂದರೆ ಜರ್ಮನ್ನರ ವ್ಯಾಪಾರಗೃಹ ಇತ್ತು. ನ್ಯೂರೆಂಬರ್ಗ್, ಔಗ್ಸ್‌ಬರ್ಗ್ ಮುಂತಾದ ನಗರಗಳಿಂದ ಬಂದ ವರ್ತಕರು ಅಲ್ಲಿಯೇ ತಂಗಬೇಕಿತ್ತು. ನಗರಾಡಳಿತ ನೇಮಿಸಿದ ದಲ್ಲಾಳಿಗಳ ಮೂಲಕವೇ ವ್ಯಾಪಾರ ಮಾಡಬೇಕಿತ್ತು. ಇಂಥ ಕಟ್ಟಳೆಯ ನಡುವೆ ಎದುರಾಳಿಯ ಭಾಷೆಯನ್ನು ಸ್ವತಃ ಬಲ್ಲವನಿಗೆ ದೊರೆಯುತ್ತಿದ್ದ ಲಾಭ ಸ್ವಯಂವೇದ್ಯ.

ಈ ಪುಸ್ತಕ ನ್ಯೂರೆಂಬರ್ಗಿನ ಗೇಯೋರ್ಗ್ ಎಂಬ ಶಿಕ್ಷಕನ ಹೆಸರಿನೊಂದಿಗೆ ಸೇರಿಕೊಂಡಿದೆ. ಪುಸ್ತಕದ ಸಂಭಾಷಣೆಗಳ ಒಳಗೇ ಆತನ ಪ್ರಸ್ತಾಪ ಬರುತ್ತದೆ. ನಿನಗೆ ಜರ್ಮನ್ ಕಲಿಸಿದವರಾರು ಎಂದು ಒಬ್ಬ ಕೇಳಿದಾಗ ಮತ್ತೊಬ್ಬನು ಸಾನ್ ಬಾರ್ತೊಲೊಮೆಯೊ ಚೌಕದ ಬಳಿ ಪಾಠ ಹೇಳುವ ಈ ಗುರುವಿನ ಹೆಸರು ಹೇಳುತ್ತಾನೆ. ಕೈಪಿಡಿಯೇ ತನ್ನ ಜಾಹೀರಾತನ್ನು ಹೊತ್ತು ತರುವ ಪದ್ಧತಿ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಪುಸ್ತಕದ ಮೊದಲ ಭಾಗ ವಿಷಯಾನುಸಾರ ಪದಪಟ್ಟಿ, ಅನಂತರ ಕ್ರಿಯಾರೂಪಗಳು, ಕೊನೆಯಲ್ಲಿ ಸಂಭಾಷಣೆಗಳು. ಸಂಭಾಷಣೆಗಳಲ್ಲಿ ಬಟ್ಟೆಯ ವ್ಯಾಪಾರ, ಅದರಲ್ಲೂ ಹತ್ತಿಮಿಶ್ರಿತ ಒರಟುಬಟ್ಟೆಯ ಚೌಕಾಸಿ ಮುಖ್ಯ. ಇದು ಒಂಟಿ ವಾಕ್ಯಗಳ ಪಟ್ಟಿಯಲ್ಲ, ಚೌಕಾಸಿಯ ಪೂರ್ಣ ನಡೆ. ಬೆಲೆ ಕೇಳುವುದು, ಹೆಚ್ಚಾಯಿತೆನ್ನುವುದು, ಬೇರೆ ಅಂಗಡಿಗೆ ಹೋಗುವಂತೆ ನಟಿಸುವುದು, ಮರಳಿ ಕರೆಯುವುದು, ಕೊನೆಗೊಂದು ಒಪ್ಪಂದಕ್ಕೆ ಬರುವುದು. ವ್ಯಾಕರಣಬದ್ಧ ವಾಕ್ಯವನ್ನಷ್ಟೇ ಅಲ್ಲದೆ ಮಾತಿನ ಸರದಿಯನ್ನೂ ಕಲಿಸಬೇಕೆಂಬ ಅರಿವು ಗೇಯೋರ್ಗನಿಗೆ ಇದ್ದಿತು. ಮಾರುವವನ ಮಾತನ್ನೂ ಕೊಳ್ಳುವವನ ಮಾತನ್ನೂ ವಿದ್ಯಾರ್ಥಿ ಕಲಿಯಬೇಕಿತ್ತು. ಹೀಗೆ ಉತ್ತರದ ಹಕ್ಕು ಎರಡೂ ಕಡೆ ಹಂಚಿಹೋಗಿದೆ. ಓಸ್ಕರ್ ಪೌಶ್ 1972ರಲ್ಲಿ ಈ ಪಾಠವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ 15ನೇ ಶತಮಾನದ ಬವೇರಿಯನ್ ಆಡುಮಾತಿನ ಅಧ್ಯಯನಕ್ಕೆ ಇದು ಪ್ರಮುಖ ಆಧಾರವಾಯಿತು.

ಇದೇ ಪರಂಪರೆಯಲ್ಲಿ ರಾಟ್‌ವೈಲ್ ಊರಿನ ಆಡಂ ಎಂಬ ಮುದ್ರಕ 1477ರಲ್ಲಿ ವೆನಿಸ್ಸಿನಲ್ಲಿ ಇಟಾಲಿಯನ್-ಜರ್ಮನ್ ಪದಕೋಶವೊಂದನ್ನು ಅಚ್ಚುಹಾಕಿದ. ಶಾಲೆಗೆ ಹೋಗದೆಯೇ ಜರ್ಮನ್ ಕಲಿಯಬಯಸುವ ಕುಶಲಕರ್ಮಿಗಳಿಗೂ ಹೆಂಗಸರಿಗೂ ಇದು ಉಪಯುಕ್ತ ಎಂದು ಅದರ ಆರಂಭದಲ್ಲಿ ಹೇಳಲಾಗಿದೆ. ಭಾಷಾಕಲಿಕೆಯನ್ನು ಮಠ ಮತ್ತು ಶಾಲೆಯ ಹೊರಗೆ ತಂದ ಈ ಒಂದು ಮಾತು, ವ್ಯಾಕರಣಗ್ರಂಥಗಳನ್ನೇ ಆಧರಿಸಿ ಬರೆದ ಭಾಷಾಬೋಧನೆಯ ಚರಿತ್ರೆಗಳಲ್ಲಿ ಸಾಕಷ್ಟು ಗಮನ ಪಡೆದಿಲ್ಲ.

4. ಪ್ರವಾಸಿಯ ಜರ್ಮನ್ ಮತ್ತು ಸಂಬೋಧನೆಯ ಸಮಸ್ಯೆ

16ನೇ ಶತಮಾನದಲ್ಲಿ ಆಂಟ್‌ವೆರ್ಪಿನ ಶಿಕ್ಷಕ ನೊಯೆಲ್ ದ ಬೆರ್ಲೆಮಾಂ ಫ್ಲೆಮಿಶ್ ಮತ್ತು ಫ್ರೆಂಚ್ ಭಾಷೆಗಳಿಗಾಗಿ ರಚಿಸಿದ ಸಂಭಾಷಣಾಪುಸ್ತಕ ಅವನ ಕಾಲಾನಂತರ ಆರು, ಏಳು, ಎಂಟು ಭಾಷೆಗಳಿಗೆ ಬೆಳೆಯಿತು. ಜರ್ಮನ್ ಕೂಡ ಅದರ ಒಂದು ಅಂಕಣವಾಯಿತು. ಔತಣಕೂಟ, ಕೊಳ್ಳುವಿಕೆ, ಸಾಲದ ವಸೂಲಿ, ದಾರಿ ಕೇಳುವುದು, ವಸತಿಗೃಹದ ಮಾತು ಎಂಬ ಪ್ರಸಂಗಗಳು ಎಲ್ಲ ಭಾಷೆಗಳಿಗೂ ಸಮಾನ. ಒಂದೇ ಸನ್ನಿವೇಶ ಎಲ್ಲ ಭಾಷೆಗಳಲ್ಲೂ ಒಂದೇ ಎಂಬ ಊಹೆ ಇಲ್ಲಿಂದ ಗಟ್ಟಿಯಾಯಿತು. ಇಂಗ್ಲಿಷರಿಗಾಗಿ ಬರೆದ ಮೊದಲ ಜರ್ಮನ್ ವ್ಯಾಕರಣ, ಮಾರ್ಟಿನ್ ಏಡ್ಲರನ 'ದಿ ಹೈ ಡಚ್ ಮಿನರ್ವಾ', ಲಂಡನ್ನಿನಲ್ಲಿ ಪ್ರಕಟವಾದದ್ದು 1680ರಲ್ಲಿ. ಕೈಪಿಡಿಗಳು ವ್ಯಾಕರಣಕ್ಕಿಂತ ಬಹಳ ಮುಂಚೆ ಗಡಿ ದಾಟಿದ್ದವು.

19ನೇ ಶತಮಾನದಲ್ಲಿ ರೈಲು ಮತ್ತು ಉಗಿಹಡಗುಗಳೊಂದಿಗೆ ಪ್ರವಾಸ ಮಧ್ಯಮವರ್ಗದ ಹವ್ಯಾಸವಾಯಿತು. 1827ರಲ್ಲಿ ಕೊಬ್ಲೆಂಜಿನಲ್ಲಿ ಪ್ರಕಾಶನ ಆರಂಭಿಸಿದ ಕಾರ್ಲ್ ಬೇಡೆಕರ್ ಮಾರ್ಗದರ್ಶಿಗಳ ಜತೆಗೆ ನಾಲ್ಕು ಭಾಷೆಗಳ ಸಂಭಾಷಣಾ ಕೈಪಿಡಿಯನ್ನೂ ಹೊರತಂದ. ಈ ಬಗೆಯ ಪುಸ್ತಕಗಳ ಮಾತುಗಾರ ಹಣವುಳ್ಳವನು. ಗಾಡಿಯವನಿಗೆ, ಸೇವಕನಿಗೆ, ಅಗಸಗಿತ್ತಿಗೆ ಅಪ್ಪಣೆ ಕೊಡುವವನು. ಕೇಳುಗನ ಕೆಲಸ ಅದನ್ನು ನಡೆಸಿಕೊಡುವುದು, ಆದ್ದರಿಂದ ಅವನ ಮಾತಿಗೆ ಪುಟದಲ್ಲಿ ಹೆಚ್ಚು ಜಾಗವಿಲ್ಲ. ಮಾರ್ಕ್ ಟ್ವೇನ್ 1880ರಲ್ಲಿ ಪ್ರಕಟಿಸಿದ ಪ್ರವಾಸಕಥನದ ಅನುಬಂಧದಲ್ಲಿ ಜರ್ಮನ್ ಭಾಷೆಯನ್ನು ಗೇಲಿ ಮಾಡಿದ್ದು ಪ್ರಸಿದ್ಧ. ಕಲಿಯಲೇಬೇಕಾದ ಒತ್ತಡವಿಲ್ಲದವನು ಮಾತ್ರ ಅಷ್ಟು ನಿರಾಳವಾಗಿ ನಗಬಲ್ಲ.

ಇದೇ ಅವಧಿಯಲ್ಲಿ ಜರ್ಮನ್ ಸಂಬೋಧನೆ ಇಂದಿನ ಸ್ಥಿತಿಗೆ ಬಂದು ನಿಂತಿತು. 'ದು' ಎಂಬ ಏಕವಚನ ಮತ್ತು 'ಇರ್' ಎಂಬ ಗೌರವ ಬಹುವಚನಗಳ ಎದುರು 17ನೇ ಶತಮಾನದಲ್ಲಿ ಪ್ರಥಮಪುರುಷ ಏಕವಚನವೂ ಸಂಬೋಧನೆಗೆ ಬಳಕೆಯಾಯಿತು. ಕೊನೆಗೆ ಪ್ರಥಮಪುರುಷ ಬಹುವಚನವಾದ 'ಸೀ' 18ನೇ ಶತಮಾನದಲ್ಲಿ ಗೌರವದ ರೂಪವಾಗಿ ನೆಲೆನಿಂತಿತು. ಅಂದರೆ 'ಅವರು' ಎಂಬ ಪದವೇ 'ನೀವು' ಎಂಬರ್ಥ ಪಡೆಯಿತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ಹೋಲಿಕೆ ತಾನಾಗಿ ಹೊಳೆಯುತ್ತದೆ. 'ದು' ಮತ್ತು 'ಸೀ' ಗಳನ್ನು 'ನೀನು' ಮತ್ತು 'ನೀವು' ಎಂದು ಅನುವಾದಿಸುವುದು ವಾಡಿಕೆ. ಬಳಕೆಯ ದೃಷ್ಟಿಯಿಂದ ಅದು ಸರಿ. ರಚನೆಯ ದೃಷ್ಟಿಯಿಂದ 'ನೀವು' ಹಳೆಯ 'ಇರ್'ಗೆ ಸಮಾನ. 'ಸೀ'ಗೆ ಹತ್ತಿರವಾದುದು 'ತಾವು'. 'ತಾವು' ಮೂಲತಃ ಪ್ರಥಮಪುರುಷದ ಆತ್ಮಾರ್ಥಕ ಬಹುವಚನ. 'ತಾವು ಬರುವುದಾಗಿ ಅವರು ಹೇಳಿದರು' ಎಂಬಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ. ಅದೇ ಪದ ಎದುರಿಗಿರುವವರನ್ನು ವಿಶೇಷ ಗೌರವದಿಂದ ಕರೆಯಲು ಬಳಕೆಯಾಗುತ್ತದೆ. ಆದರೆ ಒಂದು ಭೇದವಿದೆ. ಸಂಬೋಧನೆಯ 'ತಾವು' ಕನ್ನಡದಲ್ಲಿ ಮಧ್ಯಮಪುರುಷದ ಕ್ರಿಯಾರೂಪವನ್ನೇ ಪಡೆದು 'ತಾವು ಯಾವಾಗ ಬಂದಿರಿ' ಎಂದಾಗುತ್ತದೆ. ಜರ್ಮನ್ 'ಸೀ' ತನ್ನ ಪ್ರಥಮಪುರುಷದ ಕ್ರಿಯಾರೂಪವನ್ನು ಬಿಟ್ಟುಕೊಟ್ಟಿಲ್ಲ. ಎರಡೂ ಭಾಷೆಗಳು ಎದುರಿಗಿರುವವರನ್ನು ವ್ಯಾಕರಣದಲ್ಲಿ ದೂರವಿರಿಸಿ ಗೌರವ ಸೂಚಿಸಿದವು. ಕನ್ನಡ ಕ್ರಿಯಾಪದದಲ್ಲಿ ಆ ದೂರವನ್ನು ಹಿಂತೆಗೆದುಕೊಂಡಿತು, ಜರ್ಮನ್ ಉಳಿಸಿಕೊಂಡಿತು.

5. ಪುಸ್ತಕದ 'ಸೀ', ಕಾರ್ಖಾನೆಯ 'ದು'

1955ರ ಡಿಸೆಂಬರಿನಲ್ಲಿ ಪಶ್ಚಿಮ ಜರ್ಮನಿ ಇಟಲಿಯೊಂದಿಗೆ ಕಾರ್ಮಿಕರ ನೇಮಕಾತಿ ಒಪ್ಪಂದ ಮಾಡಿಕೊಂಡಿತು. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ, 1964ರಲ್ಲಿ ಪೋರ್ಚುಗಲ್, 1968ರಲ್ಲಿ ಯುಗೊಸ್ಲಾವಿಯಾ ಸೇರಿದವು. 1964ರ ಸೆಪ್ಟೆಂಬರ್ 10ರಂದು ಕಲೋನಿನ ಡಾಯ್ಟ್ಸ್ ನಿಲ್ದಾಣದಲ್ಲಿ ಇಳಿದ ಪೋರ್ಚುಗೀಸ್ ಬಡಗಿ ಅರ್ಮಾಂಡೊ ರೊಡ್ರಿಗೆಸ್ ಡ ಸಾ ಹತ್ತು ಲಕ್ಷದ ಅತಿಥಿ ಕಾರ್ಮಿಕನೆಂದು ಘೋಷಿತನಾದ. ಹೂಗುಚ್ಛವನ್ನೂ ಒಂದು ಮೊಪೆಡ್ಡನ್ನೂ ಅವನಿಗೆ ಕೊಟ್ಟರು. ಆ ಛಾಯಾಚಿತ್ರ ಜರ್ಮನಿಯ ಪಠ್ಯಪುಸ್ತಕಗಳಲ್ಲಿ ಇಂದಿಗೂ ಕಾಣುತ್ತದೆ. ಸ್ವಾಗತ ಸಮಾರಂಭದಲ್ಲಿ ಅವನ ಕೈಗೆ ಮೊಪೆಡ್ ಬಂತು, ಭಾಷೆಯನ್ನು ಒದಗಿಸುವ ವ್ಯವಸ್ಥೆ ಬರಲಿಲ್ಲ. 1973ರ ನವೆಂಬರಿನಲ್ಲಿ ನೇಮಕಾತಿ ನಿಂತಾಗ ಅಲ್ಲಿದ್ದ ವಿದೇಶಿ ಕಾರ್ಮಿಕರ ಸಂಖ್ಯೆ ಸುಮಾರು 26 ಲಕ್ಷ. ದುಡಿದು ಹಿಂದಿರುಗುವವರಿಗೆ ಭಾಷೆ ಏಕೆ ಎಂಬುದು ಆ ಕಾಲದ ಆಡಳಿತದ ಧೋರಣೆಯಾಗಿತ್ತು.

ಈ ಕಾರ್ಮಿಕರ ಜರ್ಮನ್ ಕುರಿತು ಮೈಕೆಲ್ ಕ್ಲೈನ್ 1968ರಲ್ಲಿ ಪ್ರಕಟಿಸಿದ ಲೇಖನ ಒಂದು ಹೊಸ ಸಂಶೋಧನಾಕ್ಷೇತ್ರಕ್ಕೆ ದಾರಿ ಮಾಡಿತು. ಕ್ರಿಯಾಪದವನ್ನು ಭಾವರೂಪದಲ್ಲೇ ಬಿಟ್ಟು, ಉಪಪದಗಳನ್ನು ಕೈಬಿಟ್ಟು, ನಿಷೇಧಕ್ಕೆ 'ನಿಕ್ಸ್' ಬಳಸುವ ಮಾತು ಇದು. 'ನಾನು ಅರ್ಥ ಆಗು ಇಲ್ಲ' ಎಂದು ಕನ್ನಡದಲ್ಲಿ ಹೇಳಿದರೆ ಹೇಗೋ ಹಾಗೆ. ಇದಕ್ಕೆ ಕಲಿಯುವವರ ಮಾತೃಭಾಷೆಯೊಂದೇ ಕಾರಣವಲ್ಲ. ಸ್ಥಳೀಯರು ವಿದೇಶಿಯರೊಡನೆ ಮಾತನಾಡುವಾಗ ತಮ್ಮ ಭಾಷೆಯನ್ನೇ ಮುರಿದು ಮಾತನಾಡುತ್ತಿದ್ದರು. ಫೆರ್ಗುಸನ್ 1971ರಲ್ಲಿ 'ಪರಕೀಯರೊಡನೆಯ ಮಾತು' ಎಂದು ಗುರುತಿಸಿದ ಪ್ರಭೇದವೇ ಇದು. ಪಠ್ಯಪುಸ್ತಕಗಳು ಕಾರ್ಮಿಕನಿಗೆ ಅಪರಿಚಿತ ವಯಸ್ಕರನ್ನು 'ಸೀ' ಎನ್ನಬೇಕೆಂದು ಕಲಿಸುತ್ತಿದ್ದವು. ಮೇಸ್ತ್ರಿಯಿಂದ ಆತ ಕೇಳುತ್ತಿದ್ದುದು 'ದು'. ಕೇಳಿದ್ದನ್ನೇ ಕಲಿತು ಮರಳಿ 'ದು' ಎಂದರೆ ಒರಟನೆಂಬ ಹೆಸರು, ಪುಸ್ತಕದಂತೆ 'ಸೀ' ಎಂದರೆ ಏಕಮುಖ ಗೌರವ. ಕಲಿಕೆಯ ವೈಫಲ್ಯವೆಂದು ದಾಖಲಾದ ಎಷ್ಟೋ ಸಂಗತಿಗಳು ಹೀಗೆ ಸಾಮಾಜಿಕ ಸಂಬಂಧದ ಪಡಿಯಚ್ಚುಗಳು.

1970ರ ದಶಕದಲ್ಲಿ ವೊಲ್ಫ್‌ಗಾಂಗ್ ಕ್ಲೈನ್ ಮತ್ತು ನೊರ್ಬರ್ಟ್ ಡಿಟ್‌ಮಾರ್ ಅವರ ಹೈಡೆಲ್‌ಬರ್ಗ್ ಯೋಜನೆ ಇಟಾಲಿಯನ್ ಮತ್ತು ಸ್ಪ್ಯಾನಿಷ್ ಕಾರ್ಮಿಕರ ಮಾತನ್ನು ವಿಶ್ಲೇಷಿಸಿತು. ವಾಕ್ಯರಚನೆಯ ಬೆಳವಣಿಗೆಯೊಂದಿಗೆ ಅತಿ ನಿಕಟ ಸಂಬಂಧ ಕಂಡುಬಂದದ್ದು ಬಿಡುವಿನ ವೇಳೆಯಲ್ಲಿ ಜರ್ಮನ್ನರೊಡನೆ ಇದ್ದ ಒಡನಾಟಕ್ಕೆ. ಮುಂದೆ ಕ್ಲೈನ್ ಮತ್ತು ಕ್ಲೈವ್ ಪರ್ಡ್ಯೂ ಐದು ಐರೋಪ್ಯ ಭಾಷೆಗಳನ್ನು ಕಲಿಯುತ್ತಿದ್ದ 40 ವಯಸ್ಕ ವಲಸಿಗರ ಅಧ್ಯಯನವನ್ನು ಆಧರಿಸಿ 1997ರಲ್ಲಿ 'ಮೂಲ ಪ್ರಭೇದ'ದ ಸಿದ್ಧಾಂತ ಮಂಡಿಸಿದರು. ಪ್ರತ್ಯಯಗಳಿಲ್ಲದ ಈ ಮಾತು ಮುರುಕಲು ಭಾಷೆಯಲ್ಲ, ಕೆಲವೇ ತತ್ತ್ವಗಳಿಂದ ನಡೆಯುವ ಸುಸಂಗತ ವ್ಯವಸ್ಥೆ ಎಂಬುದು ಅವರ ನಿಲುವು. ಸುಮಾರು ಮೂರನೆಯ ಒಂದು ಭಾಗದಷ್ಟು ಕಲಿಕೆದಾರರು ಆ ಹಂತದಲ್ಲೇ ನಿಂತರು.

ಕೈಪಿಡಿಯ ಚರಿತ್ರೆಗೆ ಈ ಸಂಶೋಧನೆಯ ಮಹತ್ವ ದೊಡ್ಡದು. ಸಿದ್ಧವಾಕ್ಯಗಳನ್ನು ಕಂಠಪಾಠ ಮಾಡಿಸಿದರೆ ಭಾಷೆ ಬರುತ್ತದೆಂಬುದು ಕೈಪಿಡಿಯ ನಂಬಿಕೆ. ಕಂಠಪಾಠವಾದ ವಾಕ್ಯ ಬಾಗಿಲು ತೆರೆಸುತ್ತದೆ, ನಿಜ. ಒಳಗೆ ಹೋದ ಮೇಲೆ ಹೊಸಬ ತನ್ನದೇ ವ್ಯಾಕರಣವನ್ನು ಕಟ್ಟಿಕೊಳ್ಳಬೇಕು. ಅದಕ್ಕೆ ಆತನೊಡನೆ ಮಾತನಾಡುವ ಮನುಷ್ಯರು ಬೇಕು.

6. ಸಾಧನದಿಂದ ಷರತ್ತಿಗೆ

21ನೇ ಶತಮಾನದಲ್ಲಿ ಧೋರಣೆ ತಲೆಕೆಳಗಾಯಿತು. 2005ರ ಜನವರಿ 1ರಂದು ಜಾರಿಗೆ ಬಂದ ವಲಸೆ ಕಾನೂನು 600 ಗಂಟೆಗಳ ಭಾಷಾಪಾಠವುಳ್ಳ ಏಕೀಕರಣ ತರಗತಿಯನ್ನು ಸ್ಥಾಪಿಸಿತು. ಬಹುಕಾಲದ ಉಪೇಕ್ಷೆಗೆ ಇದು ಸ್ವಾಗತಾರ್ಹ ತಿದ್ದುಪಡಿ. ಆದರೆ 2007ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಜರ್ಮನಿಯಲ್ಲಿರುವ ಪತಿ ಅಥವಾ ಪತ್ನಿಯನ್ನು ಸೇರಬಯಸುವವರು ತಮ್ಮ ದೇಶದಿಂದ ಹೊರಡುವ ಮೊದಲೇ ಎ1 ಮಟ್ಟದ ಜರ್ಮನ್ ಬಲ್ಲವರೆಂದು ತೋರಿಸಬೇಕಾಯಿತು. ಅಮೆರಿಕ, ಜಪಾನ್, ಕೆನಡಾ ಮುಂತಾದ ಕೆಲವು ದೇಶಗಳ ಪ್ರಜೆಗಳಿಗೆ ವಿನಾಯಿತಿಯಿದೆ. ನೀಲಿ ಕಾರ್ಡ್ ಹೊಂದಿದ ಉನ್ನತ ವೇತನದ ನೌಕರರ ಸಂಗಾತಿಗಳಿಗೂ ವಿನಾಯಿತಿಯಿದೆ. ಟರ್ಕಿಯ ಪ್ರಜೆಗಳ ವಿಷಯದಲ್ಲಿ ಈ ಷರತ್ತು ಹಳೆಯ ಒಪ್ಪಂದಕ್ಕೆ ವಿರುದ್ಧವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರ ಜುಲೈನಲ್ಲಿ ದೋಗಾನ್ ಪ್ರಕರಣದಲ್ಲಿ ತೀರ್ಪು ನೀಡಿತು.

ಎ1 ಪರೀಕ್ಷೆಯ ಮಾತಿನ ಭಾಗದಲ್ಲಿ ಅಭ್ಯರ್ಥಿ ತನ್ನ ಹೆಸರು, ವಯಸ್ಸು, ದೇಶ, ವಾಸಸ್ಥಳ, ಬಲ್ಲ ಭಾಷೆಗಳು, ಉದ್ಯೋಗ, ಹವ್ಯಾಸಗಳನ್ನು ಹೇಳಬೇಕು. ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕು. ಬಳಿಕ ಚೀಟಿಯಲ್ಲಿರುವ ಪದವನ್ನು ಆಧರಿಸಿ ಪ್ರಶ್ನೆ ಕೇಳಬೇಕು, ಏನನ್ನಾದರೂ ವಿನಂತಿಸಬೇಕು. ವಿಷಯದ ದೃಷ್ಟಿಯಿಂದ ಕಾಸೆಲ್ ಮತ್ತು ಪ್ಯಾರಿಸ್ ಪಾಠಗಳಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಯಾರು, ಎಲ್ಲಿಂದ, ಯಾವ ಕೆಲಸ ಎಂಬ ಅದೇ ಮೂರು ವಿಚಾರಣೆಗಳು. ವ್ಯತ್ಯಾಸವಿರುವುದು ವಾಕ್ಯದ ಹೊಣೆಯಲ್ಲಿ. 9ನೇ ಶತಮಾನದ ಪ್ರಯಾಣಿಕ ತಪ್ಪಾಗಿ ಹೇಳಿದರೆ ಊಟ ತಡವಾಗುತ್ತಿತ್ತು. ಇಂದು ತಪ್ಪಿದರೆ ಒಂದು ಕುಟುಂಬ ತಿಂಗಳುಗಟ್ಟಲೆ ಬೇರೆಯಾಗಿ ಉಳಿಯಬಹುದು. ಒಂದೇ ವಾಕ್ಯ, ಆದರೆ ಸಂಭಾಷಣೆಯಲ್ಲಿ ಅದು ಕ್ರಿಯೆ, ಪರೀಕ್ಷೆಯಲ್ಲಿ ಅದು ಪುರಾವೆ.

ಕನ್ನಡ ಹೆಸರುಗಳ ಒಂದು ತೊಡಕನ್ನೂ ಇಲ್ಲಿ ಹೇಳಬೇಕು. ಜರ್ಮನ್ ಅರ್ಜಿನಮೂನೆ ಕುಲನಾಮ ಮತ್ತು ಸ್ವನಾಮಗಳೆಂಬ ಎರಡು ಖಾನೆಗಳನ್ನು ಕಡ್ಡಾಯಗೊಳಿಸುತ್ತದೆ. ಊರಿನ ಹೆಸರು ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಹೊತ್ತ ನಮ್ಮ ಹಲವರ ಹೆಸರುಗಳಿಗೆ ಆ ಎರಡು ಖಾನೆಗಳು ಹೊಂದುವುದಿಲ್ಲ. 'ನಿಮ್ಮ ಹೆಸರೇನು' ಎಂಬ ಅತಿ ಸರಳ ವಾಕ್ಯವೇ ಅತಿ ಕಷ್ಟದ ವಾಕ್ಯವಾಗುವುದು ಹೀಗೆ.

7. ಕನ್ನಡದಿಂದ ಜರ್ಮನ್ನಿಗೆ ನೇರ ದಾರಿ

ಕನ್ನಡ ಮತ್ತು ಜರ್ಮನ್ ಭಾಷಿಕರ ಸಂಪರ್ಕ ಹೊಸದಲ್ಲ. ಬಾಸೆಲ್ ಮಿಷನ್ನಿನ ಸಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಆರಂಭಿಸಿದರು. ಫರ್ಡಿನಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ, ವ್ಯಾಕರಣ 1903ರಲ್ಲಿ ಹೊರಬಂದವು. ಗಮನಿಸಬೇಕಾದ ಸಂಗತಿಯೆಂದರೆ, ಜರ್ಮನ್ ಮಾತೃಭಾಷೆಯ ಕಿಟೆಲ್ ರಚಿಸಿದ್ದು ಕನ್ನಡ-ಇಂಗ್ಲಿಷ್ ನಿಘಂಟನ್ನು. ವಸಾಹತು ಆಡಳಿತದ ಸಂದರ್ಭದಲ್ಲಿ ಅದು ಸಹಜವೇ. ಆದರೆ ಎರಡು ಭಾಷೆಗಳ ನಡುವೆ ಅಂದು ನಿಂತ ಇಂಗ್ಲಿಷ್ ಇಂದಿಗೂ ಅಲ್ಲಿಂದ ಕದಲಿಲ್ಲ.

ಇದರ ಪರಿಣಾಮವನ್ನು ನಾನು ಸ್ವತಃ ಅನುಭವಿಸಿದ್ದೇನೆ. ಹಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಜರ್ಮನ್ ಆರಂಭಿಕ ತರಗತಿಗೆ ಸೇರಿದಾಗ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಚಳಿಯಾಗುತ್ತಿದೆ ಎಂದು ಹೇಳಬೇಕಾದಾಗ ಇಂಗ್ಲಿಷನ್ನು ಅನುಸರಿಸಿ 'ಇಶ್ ಬಿನ್ ಕಾಲ್ಟ್' ಎಂದೆ. 'ನಾನು ತಣ್ಣನೆಯ ಮನುಷ್ಯ' ಎಂಬ ಅರ್ಥ ಬರುವ ಆ ವಾಕ್ಯಕ್ಕೆ ತರಗತಿ ನಕ್ಕಿತು. ಸರಿಯಾದ ರೂಪ 'ಮಿರ್ ಇಸ್ಟ್ ಕಾಲ್ಟ್'. 'ಮಿರ್' ಎಂದರೆ 'ನನಗೆ'. ನನ್ನ ಅಜ್ಜಿಯ ಕನ್ನಡದ 'ನನಗೆ ಚಳಿ' ಎಂಬ ಎರಡು ಪದಗಳು ಆ ವಿಭಕ್ತಿಯನ್ನು ಆಗಲೇ ನನಗೆ ಕಲಿಸಿದ್ದವು. ಅದನ್ನು ಕೇಳಿಸಿಕೊಳ್ಳಲು ಇಂಗ್ಲಿಷ್ ಬಿಡಲಿಲ್ಲ.

ಅನುಭವಿಯನ್ನು ಚತುರ್ಥಿಯಲ್ಲಿ ಹೇಳುವ ರಚನೆ ಕನ್ನಡದ ಪ್ರಧಾನ ಲಕ್ಷಣಗಳಲ್ಲಿ ಒಂದು. ಜರ್ಮನ್ನಿನ ನಿತ್ಯಬಳಕೆಯ ಹಲವು ವಾಕ್ಯಗಳಲ್ಲೂ ಅದೇ ಇದೆ. ಕ್ಷೇಮ ವಿಚಾರಿಸುವ 'ವೀ ಗೇಟ್ ಎಸ್ ಈನೆನ್', ವಿಷಾದ ಸೂಚಿಸುವ 'ಎಸ್ ಟೂಟ್ ಮಿರ್ ಲೈಟ್', ಮೆಚ್ಚುಗೆ ಸೂಚಿಸುವ 'ದಾಸ್ ಗೆಫೆಲ್ಟ್ ಮಿರ್' ಇವುಗಳಲ್ಲಿ ಅನುಭವಿ ಚತುರ್ಥಿಯಲ್ಲಿದ್ದಾನೆ. 'ಅದು ನನಗೆ ಹಿಡಿಸುತ್ತದೆ' ಎಂಬ ಕನ್ನಡ ವಾಕ್ಯ ಕೊನೆಯದಕ್ಕೆ ಬಹುತೇಕ ಪದಶಃ ಸಮಾನ. ಹಾಗೆಯೇ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವ ಜರ್ಮನ್ ಪದ್ಧತಿ ಇಂಗ್ಲಿಷಿನಿಂದ ಬಂದವನಿಗೆ ವಿಚಿತ್ರ. ಕ್ರಿಯಾಪದ ಕೊನೆಗೇ ಬರುವ ಭಾಷೆಯವರಿಗೆ ಅದು ಮನೆಯ ಜಗಲಿ.

ಈ ಹೋಲಿಕೆಗೆ ಮಿತಿಯೂ ಇದೆ. 'ನನಗೆ ಹಸಿವು' ಎಂಬಲ್ಲಿ ಜರ್ಮನ್ 'ನಾನು ಹಸಿವನ್ನು ಹೊಂದಿದ್ದೇನೆ' ಎನ್ನುತ್ತದೆ. 'ನನಗೆ ಬೇಕು' ಎಂಬಲ್ಲಿ 'ಇಶ್ ಮ್ಯೋಶ್ಟೆ' ಎಂದು ಪ್ರಥಮಾ ವಿಭಕ್ತಿ ಬರುತ್ತದೆ. ಆದುದರಿಂದ ಕನ್ನಡದ ಚತುರ್ಥಿಯನ್ನು ಕಣ್ಣುಮುಚ್ಚಿ ಸಾಗಿಸಲಾಗದು. ಎಲ್ಲಿ ಸಾಗುತ್ತದೆ, ಎಲ್ಲಿ ಸಾಗುವುದಿಲ್ಲ ಎಂಬುದನ್ನು ವ್ಯವಸ್ಥಿತವಾಗಿ ಗುರುತಿಸುವ ವ್ಯತಿರೇಕಿ ಅಧ್ಯಯನ ಆಗಬೇಕಿದೆ. ಡಾಕ್ಟರೇಟ್ ಸಂಶೋಧನೆಗೆ ಇದು ಯೋಗ್ಯ ವಿಷಯ. ದಾದಿಯರು, ತಂತ್ರಜ್ಞರು, ವಿದ್ಯಾರ್ಥಿಗಳು ಮತ್ತು ಅವರ ಸಂಗಾತಿಗಳು ಜರ್ಮನ್ ಕಲಿಯುತ್ತಿರುವ ಈ ಹೊತ್ತಿನಲ್ಲಿ ಅದಕ್ಕೆ ಪ್ರಾಯೋಗಿಕ ಬೆಲೆಯೂ ಇದೆ. ಇಂಗ್ಲಿಷ್ ಚೆನ್ನಾಗಿ ಬಾರದ ಕನ್ನಡಿಗರಿಗೆ ಇಂದಿನ ಪಾಠಕ್ರಮ ಒಂದರ ಬದಲು ಎರಡು ಪರಭಾಷೆಗಳ ಹೊರೆ ಹೊರಿಸುತ್ತಿದೆ.

8. ಸಮಾರೋಪ

ಪ್ಯಾರಿಸ್ ಹಸ್ತಪ್ರತಿಯ ಅಜ್ಞಾತ ಬರಹಗಾರ ತನ್ನ ಕಿವಿಗೆ ಕೇಳಿದ ಜರ್ಮನ್ನನ್ನು ತನ್ನ ಲಿಪಿಯ ರೂಢಿಯಲ್ಲಿ ಬರೆದುಕೊಂಡ. ನಮ್ಮ ವಿದ್ಯಾರ್ಥಿಗಳು ಪುಸ್ತಕದ ಅಂಚಿನಲ್ಲಿ ಕನ್ನಡ ಅಕ್ಷರಗಳಲ್ಲಿ ಒಬ್ಬರು 'ಇಶ್' ಎಂದೂ ಮತ್ತೊಬ್ಬರು 'ಇಹ್' ಎಂದೂ ಬರೆದುಕೊಳ್ಳುತ್ತಾರೆ. ಆ ಧ್ವನಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಎರಡೂ ಬರಹಗಳು ತಪ್ಪು, ಎರಡೂ ಅಮೂಲ್ಯ ದತ್ತ. ಅಧ್ಯಾಪಕರು ಅವನ್ನು ಅಳಿಸಲು ಹೇಳುವ ಮೊದಲು ಭಾಷಾವಿಜ್ಞಾನಿಗಳು ಅವನ್ನು ಸಂಗ್ರಹಿಸಿಡಬೇಕು.

ಮೂರು ಪ್ರಶ್ನೆಗಳಿಗೆ ಮರಳುವುದಾದರೆ, ಕೈಪಿಡಿಯನ್ನು ಬರೆದವನು 9ನೇ ಶತಮಾನದಲ್ಲಿ ಕಲಿಯುವವನೇ ಆಗಿದ್ದ, 15ನೇ ಶತಮಾನದಲ್ಲಿ ಶಿಕ್ಷಕನಾದ, 19ನೇ ಶತಮಾನದಲ್ಲಿ ಪ್ರಕಾಶಕನಾದ, ಇಂದು ಪರೀಕ್ಷಾಮಂಡಲಿಯಾಗಿದ್ದಾನೆ. ಪ್ರಶ್ನೆ ಕೇಳುವ ಅಧಿಕಾರವೂ ಅದೇ ಕ್ರಮದಲ್ಲಿ ಹೊಸಬನಿಂದ ದೂರ ಸರಿದಿದೆ. ಅದನ್ನು ಮರಳಿ ಹೊಸಬನ ಕೈಗೆ ಕೊಡುವುದು ಕಾನೂನು ಮಾಡುವವರ ಕೆಲಸ. ಕಲಿಯುವವರ ಭಾಷೆಯಿಂದಲೇ ಹೊರಡುವ ಮೊದಲ ವಾಕ್ಯಗಳನ್ನು ಸಿದ್ಧಪಡಿಸುವುದು ಮಾತ್ರ ನಮ್ಮ ಕೆಲಸ, ಮತ್ತು ಅದು ನಮ್ಮಿಂದ ಆಗುವಂಥದು.